ಗಿಲೊಟಿನ್ ಇಲ್ಲದೆ ಫ್ರೆಂಚ್ ಕ್ರಾಂತಿ: ನನ್ನ ಅನುಭವ

ಫ್ರೆಂಚ್ ಕ್ರಾಂತಿಯ ಮೇಲಿನ ನಮ್ಮ ನಾಟಕದ ಹನ್ನೊಂದನೇ ಪ್ರದರ್ಶನ ಮುಗಿಯಿತು. ಮೂರಕ್ಕೇ ನಿಂತುಹೋಗುತ್ತೆ ಅಂದವರು ತುಂಬಾ ಜನ ಇದ್ದರು. "ರೋಬೆಸ್ಪಿಯರ್ ಅಂತ ಹೆಸರು ಹೇಳೋಕೇ ನಾಲಿಗೆ ತಿರುಗಲ್ಲ, ನಮ್ಮೂರಲ್ಲಿ ಯಾರಪ್ಪಾ ಬಂದು ನೋಡ್ತಾರೆ?" ಅಂತ ತಂಡದ ಹಿರಿಯರೇ ಕೇಳಿದ್ದರು. ಕಳೆದ ವಾರ ಶಿವಮೊಗ್ಗದಲ್ಲಿ ಮೆಟ್ಟಿಲ ಮೇಲೂ ಜನ ಕೂತಿದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕ್ರಾಂತಿಯ ಕಥೆ ನಿಮಗೆ ಗೊತ್ತು. ನಾನು ಹಿಡಿದದ್ದು ಇಬ್ಬರು ಗೆಳೆಯರನ್ನು. ಕ್ರಾಂತಿ ಸರ್ಕಾರದ ನಾಯಕನಾದ ಮ್ಯಾಕ್ಸಿಮಿಲಿಯನ್ ರೋಬೆಸ್ಪಿಯರ್ ಮತ್ತು ಪತ್ರಿಕೆ ನಡೆಸುತ್ತಿದ್ದ ಕಾಮಿಲ್ ಡೆಮುಲಾಂ. ಪ್ಯಾರಿಸಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. 1790ರ ಡಿಸೆಂಬರಿನಲ್ಲಿ ಕಾಮಿಲನ ಮದುವೆಗೆ ರೋಬೆಸ್ಪಿಯರ್ ಸಾಕ್ಷಿಯಾಗಿ ಸಹಿ ಹಾಕಿದ. 1794ರ ಮಾರ್ಚಿನಲ್ಲಿ ಅದೇ ಕಾಮಿಲನನ್ನು ಹಿಡಿಯುವ ಆದೇಶಕ್ಕೂ ಸಹಿ ಹಾಕಿದ. ಮೂರೂಕಾಲು ವರ್ಷ. ಮೊದಲಿನ ಮತ್ತು ಕೊನೆಯ ಕೆಲವು ದೃಶ್ಯ ಬಿಟ್ಟರೆ ನಾಟಕ ಆ ಎರಡು ಸಹಿಗಳ ನಡುವೆ ನಡೆಯುತ್ತದೆ.

ಮೊದಲ ಸಲ ಮಾಡಿದ್ದು 2022ರಲ್ಲಿ. ಪೂರ್ತಿ ಸೋತೆವು. ತಲೆ ಕಡಿಯುವ ಯಂತ್ರ ಗಿಲೊಟಿನ್, ಹನ್ನೊಂದು ಅಡಿ ಎತ್ತರದ್ದು ಮಾಡಿಸಿದ್ದೆ. ಪ್ಲೈವುಡ್ಡು, ಅಲ್ಯೂಮಿನಿಯಂ ಶೀಟಿನ ಅಲಗು, ಬಾವಿಯ ರಾಟೆ. ಸುಮಾರು 26 ಸಾವಿರ ಆಯಿತು. ಎರಡನೇ ಪ್ರದರ್ಶನದಲ್ಲಿ ಕ್ರಾಂತಿಯ ಇನ್ನೊಬ್ಬ ನಾಯಕ ಡಾಂಟನ್ ಕುತ್ತಿಗೆ ಇಟ್ಟ, ಅಲಗು ಅರ್ಧಕ್ಕೆ ಸಿಕ್ಕಿಕೊಂಡಿತು. ಸಭೆ ಗೊಳ್ಳೆಂದು ನಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಲಗು ಸರಿಯಾಗಿ ಬಿದ್ದ ಮೊದಲ ದಿನವಾದರೂ ಏನಾಗಿತ್ತು? ಜನ ಯಂತ್ರ ನೋಡಿದರು. ಸಾಯುವವನನ್ನು ನೋಡಲಿಲ್ಲ. ಅದರ ಜೊತೆಗೆ ಬಿಳಿ ವಿಗ್ಗು, ಜರಿ ಕೋಟು, ಎಲ್ಲ ದಿನಬಾಡಿಗೆ. ನಾಟಕ ಮೂರು ಗಂಟೆ ಮೀರುತ್ತಿತ್ತು. ಹಾಲ್ ಬಾಡಿಗೆ, ಲೈಟು, ಊಟ ಸೇರಿ ಕೈಯಿಂದ ಹೋದದ್ದು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ. ಮನೆಯ ಒಡವೆ ಬ್ಯಾಂಕಿಗೆ ಹೋಯಿತು.

ನಮ್ಮ ಜನಕ್ಕೆ ಹತ್ತಿರ ಆಗಲಿ ಅಂತ ಟಿಪ್ಪು ರಾಯಭಾರಿಗಳ ದೃಶ್ಯವೊಂದನ್ನೂ ಸೇರಿಸಿದ್ದೆ. ಟಿಪ್ಪು ಕಳಿಸಿದ ಮೂವರು 1788ರಲ್ಲಿ ವರ್ಸೇಲ್ಸ್‌ನಲ್ಲಿ ದೊರೆ ಹದಿನಾರನೇ ಲೂಯಿಯನ್ನು ಕಂಡಿದ್ದರು, ಬಾಸ್ತೀಲ್ ಕೋಟೆ ಬಿದ್ದು ಕ್ರಾಂತಿ ಶುರುವಾಗುವುದಕ್ಕೆ ಸುಮಾರು ಒಂದು ವರ್ಷ ಮುಂಚೆ. ದೃಶ್ಯ ಚೆನ್ನಾಗಿತ್ತು, ಚಪ್ಪಾಳೆಯೂ ಬಿತ್ತು. ಆದರೆ ಆಮೇಲೆ ಜನ ಅವರು ಮತ್ತೆ ಬರಲಿ ಅಂತ ಕಾಯುತ್ತಿದ್ದರು. ಅವರು ಬರುವುದಿಲ್ಲವಲ್ಲ. ತೆಗೆದುಹಾಕಿದೆ. ಅದು ಬೇರೆಯೇ ನಾಟಕ, ಮುಂದೆ ಎಂದಾದರೂ ಬರೆಯುತ್ತೇನೆ.

ಒಂದು ವರ್ಷ ಸುಮ್ನೆ ಇದ್ದೆ. ಮತ್ತೆ ತಾಲೀಮು ಶುರು ಮಾಡಿದಾಗ ದಾರಿ ಸಿಕ್ಕಿದ್ದು ಒಂದು ತಪ್ಪಿನಿಂದ. ಕಾಮಿಲ್ ಮಾಡುವ ಹುಡುಗನಿಗೆ ಇಪ್ಪತ್ತೆರಡು. ರೋಬೆಸ್ಪಿಯರ್ ಮಾಡುವವರು ಕಾಲೇಜು ಮೇಷ್ಟ್ರು, ನಲವತ್ತೇಳು. ಗೆಳೆಯರ ಪಾತ್ರ, ಆದರೆ ಹುಡುಗನ ಬಾಯಲ್ಲಿ ಮೇಷ್ಟ್ರಿಗೆ "ನೀನು" ಬರುತ್ತಲೇ ಇರಲಿಲ್ಲ. ಹತ್ತು ದಿನ ಬೈದೆ. ಸರಿಹೋಯಿತು. ಆಮೇಲೊಂದು ರಾತ್ರಿ 1794ರ ಜನವರಿಯ ದೃಶ್ಯ ಮಾಡುತ್ತಿದ್ದೆವು. ಕಾಮಿಲ್ ತನ್ನ ಪತ್ರಿಕೆಯಲ್ಲಿ ದಯೆಯ ಸಮಿತಿ ಬೇಕು ಅಂತ ಬರೆದಿದ್ದಾನೆ. ಆ ಸಂಚಿಕೆಗಳನ್ನು ಸುಟ್ಟುಬಿಡಿ ಅಂತ ಕ್ರಾಂತಿಕಾರಿಗಳ ಜಾಕೊಬಿನ್ ಕ್ಲಬ್ಬಿನಲ್ಲಿ ರೋಬೆಸ್ಪಿಯರ್ ಹೇಳುತ್ತಾನೆ. ಸುಡುವುದು ಉತ್ತರ ಅಲ್ಲ ಅಂತ ಕಾಮಿಲ್ ತಿರುಗಿ ಹೇಳಬೇಕು. ಹುಡುಗ ತಡವರಿಸಿದ. "ನೀವು ಸುಟ್ಟರೆ ಅದು ಉತ್ತರ ಆಗಲ್ಲ" ಅಂದ. ಕೋಣೆ ತಣ್ಣಗಾಯಿತು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಗೆಳೆಯನಿಗೆ ಭಯ ಹುಟ್ಟಿದೆ ಅಂತ ಎಲ್ಲರಿಗೂ ಒಂದೇ ಮಾತಿನಲ್ಲಿ ಗೊತ್ತಾಯಿತು.

ಮನೆಗೆ ಬಂದು ಇಡೀ ಪಠ್ಯವನ್ನು ಕೆಂಪು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ನೀನು, ನೀವು ಬರುವ ಜಾಗಗಳೇ ಇನ್ನೂರರ ಮೇಲಿದ್ದವು. ಇತಿಹಾಸವೂ ನನ್ನ ಕಡೆಗೇ ಇತ್ತು. 1793ರ ಕೊನೆಗೆ ಪ್ಯಾರಿಸಿನಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಬೇಕು ಅಂತ ಸಂಸತ್ತಿಗೆ ಮನವಿ ಹೋಗಿತ್ತು. ಕಾನೂನಾಗಲಿಲ್ಲ, ಆದರೆ ಬಳಕೆಗೆ ಬಂತು. ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಏಕವಚನ ಅಂದರೆ ಸಲಿಗೆ ಯಾವುದು, ಅವಮಾನ ಯಾವುದು ಅಂತ ನಮ್ಮ ಕಿವಿಗೆ ಹುಟ್ಟಿನಿಂದ ಗೊತ್ತು.

ಹಾಗೆ ಕಟ್ಟಿದೆ. ಮೊದಲರ್ಧದಲ್ಲಿ ಬಟ್ಟೆ ಒಗೆಯುವ ಹೆಂಗಸು ಸಂಸದನಿಗೆ "ಬಾರೋ, ಕೂತ್ಕೋ" ಅಂತಾಳೆ. ಸಭೆ ಚಪ್ಪಾಳೆ ತಟ್ಟುತ್ತದೆ. ಎರಡನೇ ಅರ್ಧದಲ್ಲಿ ನ್ಯಾಯಮಂಡಳಿ. ಸರ್ಕಾರಿ ವಕೀಲ ಫೂಕಿಯೇ-ತಾಂವಿಲ್ ಎಂಬತ್ತರ ಮುದುಕಿಗೆ "ಏಳು. ಏನು ನಿನ್ನ ಹೆಸರು?" ಅಂತಾನೆ. ಅದೇ ಏಕವಚನ. ಈಗ ಪೊಲೀಸ್ ಠಾಣೆಯಲ್ಲಿ ಕೇಳಿಸುವ ಏಕವಚನ. ಸಾಗರದಲ್ಲಿ ಮುಂದಿನ ಸಾಲಿನ ಒಬ್ಬರು "ಥೂ" ಅಂದದ್ದು ವೇದಿಕೆಗೇ ಕೇಳಿಸಿತು. ಇನ್ನೊಂದು ಕಡೆ, ರೋಬೆಸ್ಪಿಯರ್ ಕೊನೆವರೆಗೂ ಎಲ್ಲರಿಗೂ ನೀನು ಅಂತಲೇ ಹೇಳುತ್ತಾನೆ. ಅವನಿಗೆ ಮಾತ್ರ ಒಬ್ಬೊಬ್ಬರೇ ನೀವು ಅನ್ನತೊಡಗುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕಾನೂನು ಮಾಡಿಲ್ಲ. ಅವನಿಗೆ ಗೊತ್ತೂ ಆಗುವುದಿಲ್ಲ. ನಟರಿಗೆ ಇದು ಬಾಯಿಗೆ ಕೂರಲು ಎರಡು ತಿಂಗಳು ಬೇಕಾಯಿತು, ಯಾಕೆಂದರೆ ಕ್ರಿಯಾಪದವೂ ಬದಲಾಗಬೇಕಲ್ಲ. ಒಂದು ಕಡೆ "ಬನ್ನಿ" ಜಾರಿ "ಬಾ" ಆದರೆ ಮುಂದಿನ ಮೂರು ದೃಶ್ಯ ಹಾಳು.

ಗಿಲೊಟಿನ್ ಜಾಗಕ್ಕೆ ಗರಗಸ ಬಂತು. ರೋಬೆಸ್ಪಿಯರ್ ಬಾಡಿಗೆಗಿದ್ದದ್ದು ದ್ಯುಪ್ಲೇ ಅನ್ನುವ ಬಡಗಿಯ ಮನೆಯಲ್ಲಿ, ಅಂಗಳದಲ್ಲೇ ಮರದ ಕೆಲಸ. ತಲೆ ಕಡಿಸಿಕೊಳ್ಳಲು ಹೋಗುವವರ ಗಾಡಿಗಳು ಆ ಬೀದಿಯಲ್ಲೇ ಹಾದುಹೋಗುತ್ತಿದ್ದವು. ರಂಗಸಜ್ಜಿಕೆಗೆ ಇಷ್ಟೇ ಸಾಕಾಯಿತು. ಹದಿನಾಲ್ಕು ಹಲಗೆ, ಒಂದು ಮೇಜು. ಹೊಸ ಮರಕ್ಕೆ 30 ಸಾವಿರದ ಮೇಲೆ ಕೇಳಿದರು. ಕಟ್ಟಡ ಕಟ್ಟಿಸುವವರ ಹತ್ತಿರ ಹಳೇ ಸೆಂಟ್ರಿಂಗ್ ಹಲಗೆ ಆರೂವರೆ ಸಾವಿರಕ್ಕೆ ಸಿಕ್ಕವು. ಸಿಮೆಂಟಿನ ಕಲೆ ಹಾಗೇ ಬಿಟ್ಟೆ. ಶಾಲೆಯ ಬೆಂಚು, ಕ್ಲಬ್ಬಿನ ಕಟ್ಟೆ, ಜೈಲಿನ ಬಾಗಿಲು, ಕೊನೆಗೆ ವಧಾಸ್ಥಾನ, ಎಲ್ಲಾ ಅವೇ ಹಲಗೆ.

ದ್ಯುಪ್ಲೇ ಮಾಡುವವನು ಮೂರು ವಾರ ನಮ್ಮ ಬೀದಿಯ ಆಚಾರ್ರ ಹತ್ತಿರ ಕೂತು ಗರಗಸ ಎಳೆಯುವುದನ್ನು ಕಲಿತ. 1794ರ ಜೂನ್ 10ರ ಕಾನೂನನ್ನು ಓದುವಾಗ ಅವನು ನಿಜವಾಗಿ ಒಂದು ರೀಪರ್ ಕೊಯ್ಯುತ್ತಾನೆ. ಆರೋಪಿಗೆ ವಕೀಲ ಇಲ್ಲ. ಗರ್. ಸಾಕ್ಷಿ ಬೇಕಿಲ್ಲ. ಗರ್. ತೀರ್ಪು ಎರಡೇ, ಬಿಡುಗಡೆ ಇಲ್ಲವೇ ಸಾವು. ಅಲ್ಲಿಗೆ ತುಂಡು ಕೆಳಗೆ ಬೀಳುತ್ತದೆ. ಮುಂದಿನ ಸುಮಾರು ಏಳು ವಾರದಲ್ಲಿ ಪ್ಯಾರಿಸ್ ಒಂದರಲ್ಲೇ 1,300ಕ್ಕೂ ಹೆಚ್ಚು ಜನರ ತಲೆ ಹೋಯಿತು. ಆ ಲೆಕ್ಕ ಯಾರೂ ಹೇಳುವುದಿಲ್ಲ, ಗರಗಸ ಮಾತ್ರ ನಿಲ್ಲದೆ ಓಡುತ್ತದೆ. ಹೊಸ ಹೊಟ್ಟಿನ ವಾಸನೆ ಐದಾರು ಸಾಲಿನವರೆಗೆ ಬರುತ್ತದೆ. ತುಂಡು ಸರಿಯಾಗಿ "ಸಾವು" ಅನ್ನುವ ಮಾತಿಗೇ ಬೀಳುವ ಹಾಗೆ ಮಾಡುವುದು ಹೇಗೆ ಅಂತ ಮೂರು ತಂಡದವರು ಕೇಳಿದ್ದಾರೆ. ಅದನ್ನು ಹೇಳಲ್ಲ. ಆರು ತಾಲೀಮು ಹಾಳು ಮಾಡಿಕೊಂಡು ಕಂಡುಕೊಂಡದ್ದು. ಗಾಡಿಯ ಸದ್ದಿನ ಗುಟ್ಟೂ ಅಷ್ಟೇ. ರೆಕಾರ್ಡಿಂಗ್ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ಎಲೆಯ ಪ್ರಯೋಗ ಬೇರೆ. 1789ರ ಜುಲೈ 12ಕ್ಕೆ ಕಾಮಿಲ್ ಪ್ಯಾರಿಸಿನ ಪಾಲೇ ರೊಯಾಲ್ ತೋಟದಲ್ಲಿ ಮೇಜು ಹತ್ತಿ ಜನರನ್ನು ಕರೆದಾಗ ಹಸಿರೆಲೆಯೇ ಗುರುತಾಯಿತು. ಬಾಗಿಲಲ್ಲಿ ಪ್ರೇಕ್ಷಕರಿಗೆ ಒಂದೊಂದು ಹೊಂಗೆ ಎಲೆ ಕೊಟ್ಟು ಜೇಬಿಗೆ ಸಿಕ್ಕಿಸಿಕೊಳ್ಳಿ ಅಂದೆವು. ಮೊದಲ ಸಲ ಮಕ್ಕಳು ಹರಿದು ಚೆಲ್ಲಿದರು, ಹಾಲಿನವರು ಗುಡಿಸುವ ಕೂಲಿ 800 ಕಿತ್ತುಕೊಂಡರು. ಆಮೇಲೆ ಇಡೀ ಸಭೆಗೆ ಕೊಡುವುದು ಬಿಟ್ಟು ನಡುದಾರಿಯ ಎರಡು ಬದಿಗೆ ಮಾತ್ರ ಕೊಟ್ಟೆವು. ಎರಡನೇ ಅರ್ಧದಲ್ಲಿ ನಟರು ಇಳಿದುಬಂದು ಮೆಲ್ಲಗೆ ಕೇಳುತ್ತಾರೆ, "ನಿನ್ನ ಎಲೆ ಎಲ್ಲಿ?" ಮೈಸೂರಿನಲ್ಲಿ ಒಬ್ಬ ಅಜ್ಜ ಜೇಬು ತಡಕಾಡಿದರು. ಸಿಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ತಮ್ಮದನ್ನು ಅರ್ಧ ಹರಿದು ಅವರ ಕೈಗಿಟ್ಟರು. ನಟ ಮುಂದಿನ ಮಾತು ಮರೆತು ನಿಂತುಬಿಟ್ಟ.

ಹಣದ ವಿಷಯ. ವಿಗ್ಗು, ಕೋಟು ಎಲ್ಲ ಬಿಟ್ಟು ಖಾದಿ ಅಂಗಿ, ಸೊಂಟಕ್ಕೆ ಮೂರು ಬಣ್ಣದ ಪಟ್ಟಿ ಮಾಡಿಕೊಂಡೆವು. ಉಡುಪಿಗೆ ಒಟ್ಟು ಒಂಬತ್ತು ಸಾವಿರ. ಈಗ ಒಂದು ಪ್ರದರ್ಶನಕ್ಕೆ ಓಡಾಟ, ಊಟ ಸೇರಿ 35ರಿಂದ 40 ಸಾವಿರ ಬೀಳುತ್ತದೆ. 150 ರೂಪಾಯಿ ಟಿಕೆಟ್ಟಿಗೆ 270 ಜನ ಬಂದರೆ ಸರಿಹೋಗುತ್ತದೆ. ಏಳನೇ ಪ್ರದರ್ಶನದಿಂದ ಅಷ್ಟು ಜನ ಬರುತ್ತಿದ್ದಾರೆ. ಒಡವೆ ಮನೆಗೆ ಬಂತು. ನಾಟಕ ಈಗ ಒಂದು ಗಂಟೆ ಐವತ್ತು ನಿಮಿಷ.

ಎಷ್ಟು ಕತ್ತರಿಸಿದರೂ ಲಿಂಡೆಯ ದೃಶ್ಯವನ್ನು ಬಿಡಲಿಲ್ಲ. ಆಗ ಸರ್ಕಾರ ನಡೆಸುತ್ತಿದ್ದ, ರೋಬೆಸ್ಪಿಯರ್ ಕೂಡ ಇದ್ದ ಸಮಿತಿಯಲ್ಲಿ ಆಹಾರ ಸರಬರಾಜು ನೋಡಿಕೊಳ್ಳುತ್ತಿದ್ದವನು. ಡಾಂಟನ್, ಕಾಮಿಲರ ಬಂಧನಕ್ಕೆ ಸಹಿ ಹಾಕಲಿಲ್ಲ. ನಮ್ಮಲ್ಲಿ ಅವನಿಗೆ ಮಾತೇ ಇಲ್ಲ. ಕಾಗದ ಅವನ ಮುಂದೆ ಬರುತ್ತದೆ, ಅವನು ಪಕ್ಕಕ್ಕೆ ದಾಟಿಸುತ್ತಾನೆ, ತನ್ನ ಗೋಧಿಯ ಲೆಕ್ಕದ ಪುಸ್ತಕ ತೆರೆಯುತ್ತಾನೆ. ನಲವತ್ತು ಸೆಕೆಂಡು.

ಇನ್ನು ಕೊನೆಯ ದೃಶ್ಯ. 1794ರ ಜುಲೈ, ಅಧಿಕಾರ ಕಳೆದುಕೊಂಡು ಸೆರೆಸಿಕ್ಕ, ದವಡೆಗೆ ಗುಂಡು ಬಿದ್ದ ರೋಬೆಸ್ಪಿಯರ್ ಸಮಿತಿಯ ಕೋಣೆಯ ಮೇಜಿನ ಮೇಲೆ ಬಿದ್ದಿದ್ದಾನೆ. ನಮ್ಮಲ್ಲಿ ಅದು ಕಾಮಿಲ್ ಹತ್ತಿದ್ದ ಅದೇ ಮೇಜು. ತನಗೊಂದು ದೊಡ್ಡ ಮಾತು ಬೇಕು ಅಂತ ಮೇಷ್ಟ್ರು ತುಂಬಾ ದಿನ ಜಗಳ ಮಾಡಿದರು. ಮರಣದಂಡನೆ ಬೇಡ ಅಂತ 1791ರಲ್ಲಿ ಅವನೇ ಮಾಡಿದ ಭಾಷಣದಿಂದ ಎರಡು ಸಾಲಾದರೂ ಕೊಡಿ ಅಂದರು. ಕೊಡಲಿಲ್ಲ. ದವಡೆಯೇ ಇಲ್ಲದವನು ಏನು ಮಾತಾಡುತ್ತಾನೆ? ಬಟ್ಟೆ ಒಗೆಯುವ ಹೆಂಗಸು ಬರುತ್ತಾಳೆ. ಇದು ಇತಿಹಾಸದಲ್ಲಿಲ್ಲ, ನನ್ನದು. ಬಗ್ಗಿ, "ನೀರು ಬೇಕಾ ನಿಂಗೆ?" ಅಂತಾಳೆ. ಕೊನೆಯ ಐವತ್ತು ನಿಮಿಷದಲ್ಲಿ ಅವನಿಗೆ ಯಾರಾದರೂ ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಮೊದಮೊದಲು ಆ ನಟಿ ಜೋರಾಗಿ ಹೇಳುತ್ತಿದ್ದರು. ಈಗ ತುಂಬಾ ಮೆಲ್ಲಗೆ ಹೇಳುತ್ತಾರೆ. ಶಿವಮೊಗ್ಗದಲ್ಲಿ ಹಿಂದಿನ ಸಾಲಿನವರೆಲ್ಲ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದ್ದನ್ನು ಪಕ್ಕದ ಪರದೆಯ ಸಂದಿಯಿಂದ ನೋಡಿದೆ.