ವಿಹಾರನೌಕೆಯ ತೆರೆದ ಡೆಕ್ಕಿನಲ್ಲಿ ಸಂಜೆ ಕಳೆಯುವ ಬಗೆ

ಕಾಸರಗೋಡಿನಿಂದ ರೈಲಿನಲ್ಲಿ ಎರ್ನಾಕುಳಕ್ಕೆ ಹೋಗಿ, 2021ರಲ್ಲಿ ಉದ್ಘಾಟನೆಯಾದ ಕೊಚ್ಚಿಯ ಸಾಗರಿಕಾ ಟರ್ಮಿನಲ್‌ನಿಂದ ವಿಹಾರನೌಕೆ ಹತ್ತುವವರು, ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲು ಸುರಕ್ಷತಾ ಅಭ್ಯಾಸದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ರಂಗಮಂದಿರದ ಪ್ರದರ್ಶನ ಹೆಚ್ಚಿನ ಹಡಗುಗಳಲ್ಲಿ ಒಂದೇ ಸಂಜೆ ಎರಡು ಬಾರಿ ನಡೆಯುತ್ತದೆ. ಎರಡನೆಯದನ್ನೇ ಆರಿಸಿಕೊಳ್ಳಿ, ಸೂರ್ಯಾಸ್ತವನ್ನು ಮಾತ್ರ ಕಳೆದುಕೊಳ್ಳಬೇಡಿ. ಮುಂಬೈಯತ್ತ ಸಾಗುವಾಗ ನಮ್ಮ ಕರಾವಳಿ ಬಲಕ್ಕೂ ಮುಳುಗುವ ಸೂರ್ಯ ಎಡಕ್ಕೂ ಇರುವುದರಿಂದ, ಐದೂವರೆಗೆಲ್ಲ ಎಡಬದಿಯ ಕಟಕಟೆಯ ಬಳಿ ಜಾಗ ಹಿಡಿಯುವುದು ಒಳ್ಳೆಯದು. ಬೇಕಲ ಕೋಟೆಯ ಬುರುಜಿನಲ್ಲಿ ನಿಂತವರಿಗೆ ಕಡಲ ಗಾಳಿ ಹೊಸತಲ್ಲ. ಆದರೆ ಇಲ್ಲಿ ಎದುರುಗಾಳಿಗೆ ಹಡಗಿನ ವೇಗವೂ ಕೂಡಿ, ಮೇಲಿನ ಡೆಕ್ಕಿನ ಮುಂಭಾಗದಲ್ಲಿ ಸೀರೆಯ ಸೆರಗು ಕೈಗೇ ಸಿಗುವುದಿಲ್ಲ. ಹಿರಿಯರನ್ನು ಗಾಳಿಯ ಮರೆಯಿರುವ ಹಿಂಭಾಗದಲ್ಲಿ ಕುಳ್ಳಿರಿಸಿ. ರಾತ್ರಿ ಉಪ್ಪಿನ ತೇವಕ್ಕೆ ನೆಲ ಜಾರುತ್ತದೆ, ರಬ್ಬರ್ ಅಡಿಯ ಚಪ್ಪಲಿಯೇ ಇರಲಿ.