ದವಡೆ ಕೀಲಿನ ನೋವಿಗೆ ನಾನು ಸ್ಪ್ಲಿಂಟ್ ಕೂರಿಸುವ ಬಗೆ

ದವಡೆ ನೋವೆಂದು ಬಂದವರ ಬಾಯಲ್ಲಿ ನಾನು ಮೊದಲು ಇಡುವುದು ಸ್ಪ್ಲಿಂಟ್ ಎಂಬ, ಹಲ್ಲುಗಳ ಮೇಲೆ ಕೂರುವ ಕವಚವನ್ನಲ್ಲ, ಮಿಲಿಮೀಟರ್ ಪಟ್ಟಿಯನ್ನು. ನೋವಾಗದಂತೆ ಎಷ್ಟು ತೆರೆಯುತ್ತಾರೆ, ನೋವಾದರೂ ಸರಿ ಎಂದು ತೆರೆದರೆ ಎಷ್ಟು, ಆಮೇಲೆ ನಾನು ಎರಡು ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ಎಷ್ಟು ಎಂದು ಮೂರು ಅಳತೆ ಬರೆದುಕೊಳ್ಳುತ್ತೇನೆ. ವಯಸ್ಕರಲ್ಲಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವೆ 40ರಿಂದ 55 ಮಿ.ಮೀ. ಸಹಜ. ನಾನು ಅಗಲಿಸಿದಾಗ ಇನ್ನೂ ಐದಾರು ಮಿ.ಮೀ. ಬಿಟ್ಟುಕೊಟ್ಟರೆ ತಡೆ ಹೆಚ್ಚಾಗಿ ಸ್ನಾಯುವಿನದು. ಗೋಡೆಗೆ ತಾಗಿದ ಹಾಗೆ ಅಲ್ಲೇ ನಿಂತು, ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ವಾಲಿ ಅಲ್ಲೇ ಉಳಿದರೆ, ಆ ಪಕ್ಕದ ಕೀಲಿನ ಮೆತ್ತೆ (ಮೂಳೆಗಳ ನಡುವಿನ ಡಿಸ್ಕ್) ಮುಂದೆ ಜಾರಿ ಸಿಕ್ಕಿಕೊಂಡಿದೆ ಎಂದು ಅನುಮಾನಿಸುತ್ತೇನೆ.

ನಮ್ಮ ಕಡೆ ಬಾಯಿ ತೆರೆಯದು ಎಂದವರಿಗೆ ಕೀಲಿನ ಮಾತಿಗಿಂತ ಮೊದಲು ಕೇಳಬೇಕಾದ್ದು ಅಡಿಕೆ, ಗುಟ್ಕಾ. ಕೆನ್ನೆಯ ಒಳಭಾಗಕ್ಕೆ ಬೆರಳು ಆಡಿಸಿದರೆ ಹಗ್ಗದಂತೆ ಬಿಗಿದ ಪಟ್ಟಿ ಸಿಗುತ್ತದೆ, ಚರ್ಮ ಬಿಳಿಚಿರುತ್ತದೆ, ಖಾರ ತಡೆಯಲಾರೆ ಎನ್ನುತ್ತಾರೆ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದಕ್ಕೆ ಸ್ಪ್ಲಿಂಟ್ ಕೊಟ್ಟು ಕೂತರೆ ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆಯನ್ನು ಕಣ್ಣೆದುರೇ ಬಿಟ್ಟ ಹಾಗೆ. ಹಾಗೆಯೇ, 50 ದಾಟಿದವರಿಗೆ ಹೊಸದಾಗಿ ಹಣೆಯ ಪಕ್ಕದಲ್ಲಿ ತಲೆನೋವು ಶುರುವಾಗಿ, ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ ಎಂದರೆ ರಕ್ತನಾಳದ ಉರಿಯೂತ ಇರಬಹುದು. ಕಣ್ಣು ಹೋಗುವ ಅಪಾಯವಿರುವುದರಿಂದ ಅದೇ ದಿನ ವೈದ್ಯರ ಬಳಿ ಕಳಿಸುತ್ತೇನೆ.

ಆಮೇಲೆ ಒತ್ತಿ ನೋಡುವುದು. ಕೆನ್ನೆಯ ಮತ್ತು ಹಣೆಯ ಪಕ್ಕದ ಸ್ನಾಯುವಿನ ಮೇಲೆ ಸುಮಾರು 1 ಕೆ.ಜಿ. ಒತ್ತಡ, ಕಿವಿಯ ಮುಂದಿನ ಕೀಲಿನ ಮೇಲೆ ಅರ್ಧ ಕೆ.ಜಿ., ಎರಡು ಸೆಕೆಂಡು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಬೆರಳೊತ್ತಿ ಇದನ್ನು ಕೈಗೆ ಕಲಿಸಬಹುದು. ‘ನೋವಾಯಿತೇ’ ಎಂದಷ್ಟೇ ಕೇಳಬಾರದು, ‘ನಿಮ್ಮನ್ನು ಇಲ್ಲಿಗೆ ಕರೆತಂದ ನೋವು ಇದೇನಾ’ ಎಂದು ಕೇಳಬೇಕು. ಗಟ್ಟಿಯಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ನೋವಿಲ್ಲದ, ಸಿಕ್ಕಿಕೊಳ್ಳದ ಬರಿಯ ‘ಟಕ್’ ಸದ್ದಿಗೆ ನಾನು ಏನೂ ಮಾಡುವುದಿಲ್ಲ. ಮರಳು ತುಳಿದಂತೆ ಕರಕರ ಎಂದರೆ ಮೂಳೆಯ ಚಿತ್ರ ತೆಗೆಸುತ್ತೇನೆ. ಓಪಿಜಿಯಲ್ಲಿ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ಮೂಳೆ ಮಾತ್ರ ಕಾಣುತ್ತದೆ; ಮೆತ್ತೆ ಕಾಣಬೇಕಾದರೆ ಎಂಆರ್‌ಐ ಬೇಕು. ಚಿಕಿತ್ಸೆಯ ದಾರಿ ಬದಲಾಗುವುದಾದರೆ ಮಾತ್ರ ಅದನ್ನು ಬರೆಯುತ್ತೇನೆ.

ಈ ನೋವಿಗಾಗಿ ಯಾರ ಹಲ್ಲನ್ನೂ ನಾನು ತೇಯುವುದಿಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ದವಡೆಹಲ್ಲು ಉದುರಿ ಕಚ್ಚು (ಮೇಲಿನ, ಕೆಳಗಿನ ಹಲ್ಲು ಸೇರುವ ಬಗೆ) ತಗ್ಗಾದವರಲ್ಲಿ ಕಿವಿಯ ತೊಂದರೆಗೂ ಕೀಲಿಗೂ ಸಂಬಂಧ ಕಟ್ಟಿದರು. ಅಲ್ಲಿಂದ ಮುಂದೆ ದಶಕಗಳ ಕಾಲ ಕಚ್ಚು ಸರಿಮಾಡಿದರೆ ನೋವು ಹೋಗುತ್ತದೆ ಎಂದು ಸಹಸ್ರಾರು ಹಲ್ಲುಗಳನ್ನು ತೇದರು, ಕ್ಯಾಪ್ ಹಾಕಿದರು. ಕಚ್ಚು ಚೂರೂ ಸರಿಯಿಲ್ಲದ ಎಷ್ಟೋ ಜನಕ್ಕೆ ನೋವೇ ಇಲ್ಲ. ಸಾಲಾಗಿ ಹೊಂದಿ ಕೂತ ಹಲ್ಲಿನವರಿಗೂ ನೋವಿರುತ್ತದೆ. ಅಷ್ಟೇ ಅಲ್ಲ, ಕೀಲಿನಲ್ಲಿ ಊತವಿದ್ದಾಗ ಕಚ್ಚು ತಾನೇ ಬದಲಾಗಿರುತ್ತದೆ. ಆ ದಿನ ತೇದರೆ ಊತ ಇಳಿದ ಮೇಲೆ ಹಲ್ಲು ಕೂರುವ ಜಾಗವೇ ಇರುವುದಿಲ್ಲ. ಮೊನ್ನೆ ಹಾಕಿದ ಕ್ಯಾಪ್ ಅಥವಾ ಫಿಲ್ಲಿಂಗ್ ಎತ್ತರವಾಗಿದ್ದರೆ ಮಾತ್ರ ಅದನ್ನು ಇಳಿಸುತ್ತೇನೆ.

ಮೊದಲ ಎರಡು-ಮೂರು ವಾರ ಉಪಕರಣವೇ ಬೇಡ. ಹಲ್ಲಿಗೆ ಹಲ್ಲು ತಾಗಬೇಕಾದ್ದು ಅಗಿಯುವಾಗ, ನುಂಗುವಾಗ ಮಾತ್ರ. ‘ನ’ ಅನ್ನಿ, ನಾಲಿಗೆ ಅಲ್ಲೇ ಇರಲಿ, ತುಟಿ ಮುಚ್ಚಿ, ಹಲ್ಲು ಬಿಡಿಸಿ ಎಂದು ಹೇಳಿಕೊಡುತ್ತೇನೆ. ನಾಲಿಗೆ ಅಂಗುಳಿಗೆ ತಾಗಿದಂತೆಯೇ ಬಾಯಿ ತೆರೆದು ಮುಚ್ಚುವುದು ಆರು ಸಲ, ದಿನಕ್ಕೆ ಆರು ಬಾರಿ. ಬಿಸಿ ಬಟ್ಟೆಯ ಶಾಖ ಹತ್ತು-ಹದಿನೈದು ನಿಮಿಷ. ಆಕಳಿಕೆ ಬಂದರೆ ಗದ್ದದಡಿ ಮುಷ್ಟಿ. ಚಕ್ಕುಲಿ, ಕೋಡುಬಳೆ, ಕಬ್ಬು, ಚೂಯಿಂಗ್ ಗಮ್ ನಿಲ್ಲಬೇಕು. ಮುದ್ದೆ ಉಣ್ಣುವವರಿಗೆ ಅನುಕೂಲ, ಅದು ಹೇಗೂ ನುಂಗುವ ಊಟ. ರಾತ್ರಿ ಹಲ್ಲು ಕಡಿಯುವವರಲ್ಲಿ ಔಷಧಿ ಚೀಟಿ ನೋಡುತ್ತೇನೆ: ಫ್ಲುಯೊಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳಿಂದ ಕೆಲವರಲ್ಲಿ ಹಲ್ಲು ಕಡಿಯುವುದು ಶುರುವಾಗುತ್ತದೆ. ಹಾಗಂತ ಅವರೇ ನಿಲ್ಲಿಸಬಾರದು, ಬರೆದ ವೈದ್ಯರೊಡನೆ ಮಾತಾಡಬೇಕು.

ಇಷ್ಟಕ್ಕೂ ಬೆಳಗಿನ ನೋವು ಇಳಿಯದಿದ್ದರೆ ಸ್ಪ್ಲಿಂಟ್. ನಾನು ಮಾಡುವುದು ಮೇಲ್ದವಡೆಗೆ, ಗಟ್ಟಿ ಅಕ್ರಿಲಿಕ್‌ನದು, ಎಲ್ಲಾ ಹಲ್ಲನ್ನೂ ಮುಚ್ಚುವಂಥದ್ದು. ಮುಂದಿನ ನಾಲ್ಕೇ ಹಲ್ಲಿಗೆ ಕೂರುವ ಪುಟ್ಟ ಉಪಕರಣವನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ತಾಗದೆ ಉಳಿದ ದವಡೆಹಲ್ಲುಗಳು ಬೆಳೆದುಬಂದು, ಮುಂದಿನ ಹಲ್ಲುಗಳು ಸೇರದ ಹಾಗಾಗಬಹುದು. ಮೆತ್ತನೆಯ ರಬ್ಬರ್‌ನಂಥದ್ದು ಅಗ್ಗ, ಬೇಗ ಆಗುತ್ತದೆ; ಆದರೆ ಅದನ್ನು ಸಮವಾಗಿ ತೇಯಲು ಬರುವುದಿಲ್ಲ, ಕೆಲವರು ಅದನ್ನು ಅಗಿಯಲು ತೊಡಗಿ ನೋವು ಹೆಚ್ಚಿಸಿಕೊಳ್ಳುತ್ತಾರೆ. ಗೊರಕೆ ಜೋರಾಗಿದ್ದು ಹಗಲು ತೂಕಡಿಸುವವರಿಗೆ ಮೊದಲು ನಿದ್ರೆಯ ಪರೀಕ್ಷೆ, ಏಕೆಂದರೆ ಮೇಲ್ದವಡೆಯ ಸ್ಪ್ಲಿಂಟ್ ಕೆಲವರಲ್ಲಿ ಉಸಿರುಕಟ್ಟುವಿಕೆಯನ್ನು ಜಾಸ್ತಿ ಮಾಡಬಹುದು.

ಎರಡೂ ದವಡೆಗೆ ಆಲ್ಜಿನೇಟ್ ಎಂಬ ಮೆತ್ತನೆಯ ಅಚ್ಚಿನ ಪುಡಿಯನ್ನು ಕಲಸಿ ಅಳತೆ ತೆಗೆದು, ಕೂಡಲೇ ಅದರೊಳಗೆ ಸ್ಟೋನ್ (ಗಟ್ಟಿ ಜಿಪ್ಸಮ್) ಸುರಿಯಬೇಕು. ಮಧ್ಯಾಹ್ನಕ್ಕೆ ಎಂದು ಬಿಟ್ಟರೆ ಅಳತೆ ಕುಗ್ಗುತ್ತದೆ, ಆ ತಪ್ಪು ಸ್ಪ್ಲಿಂಟ್ ಅಲುಗಾಡುವ ದಿನ ಗೊತ್ತಾಗುತ್ತದೆ. ಕಚ್ಚಿನ ದಾಖಲೆಗೆ ಲೀಫ್ ಗೇಜ್, ಅಂದರೆ ತೆಳು ಪ್ಲಾಸ್ಟಿಕ್ ಎಲೆಗಳ ಕಟ್ಟು, ಬಳಸುತ್ತೇನೆ. ಒಂದೊಂದು ಎಲೆ 0.1 ಮಿ.ಮೀ. ಬಾಚಿಹಲ್ಲುಗಳ ನಡುವೆ ಎಲೆಗಳನ್ನು ಸೇರಿಸುತ್ತಾ ಹೋಗಿ, ಕೊನೆಯ ದವಡೆಹಲ್ಲುಗಳ ಮಧ್ಯೆ 2 ಮಿ.ಮೀ. ಜಾಗ ಆಗುವಂತೆ ನೋಡಿಕೊಳ್ಳುತ್ತೇನೆ. ದವಡೆಯನ್ನು ಮುಂದೆ ಜಾರಿಸಿ, ಹಿಂದೆ ಜಾರಿಸಿ, ಹಗುರಾಗಿ ಕಚ್ಚಿ ಐದು ನಿಮಿಷ ಕೂರಿಸಿದರೆ ಸ್ನಾಯುವಿನ ಬಿಗಿ ಸಡಿಲುತ್ತದೆ. ಆಗ ಹಿಂದಿನ ಹಲ್ಲುಗಳ ನಡುವೆ ಸಿಲಿಕೋನ್ ತುಂಬಿ ಕಚ್ಚು ಹಿಡಿಯುತ್ತೇನೆ. ಕೀಲಿಗೆ ಮೇಲ್ದವಡೆ ಎಲ್ಲಿದೆ ಎಂದು ಅಳೆಯುವ ಫೇಸ್‌ಬೋ ದಾಖಲೆಯ ಜೊತೆ ಲ್ಯಾಬಿಗೆ ಕಳಿಸುತ್ತೇನೆ. 2 ಮಿ.ಮೀ. ಹಿಂದಿನ ಲೆಕ್ಕ ಸರಳ: 1 ಮಿ.ಮೀ.ಗೆ ಅಕ್ರಿಲಿಕ್ ಒಡೆಯುತ್ತದೆ, 5 ಮಿ.ಮೀ. ಆದರೆ ತುಟಿ ಸೇರದು, ನಿದ್ದೆಯಲ್ಲಿ ಕಿತ್ತೆಸೆಯುತ್ತಾರೆ.

ಬಾಯಲ್ಲಿ ಕೂರಿಸುವ ದಿನಕ್ಕೆ ಮುಕ್ಕಾಲು ಗಂಟೆ ಬಿಡುವು ಇಡಬೇಕು. ಸ್ಪ್ಲಿಂಟ್‌ನ ಗುಣ ಲ್ಯಾಬಿಗಿಂತ ಹೆಚ್ಚು ಈ ಹೊತ್ತಿನಲ್ಲಿ ನಿರ್ಧಾರವಾಗುತ್ತದೆ. ಮೊದಲು ಒಂದು ಪಕ್ಕದ ಕೊನೆಯಲ್ಲಿ ಬೆರಳೊತ್ತಿ, ಇನ್ನೊಂದು ಪಕ್ಕ ಏಳುತ್ತದೆಯೇ ನೋಡಿ. ಎದ್ದರೆ ಒಳಮೈಯಲ್ಲಿ ತಡೆಯುವ ಜಾಗ ಗುರುತಿಸಿ ತೆಗೆಯಬೇಕು. ಅಲುಗುವ ಸ್ಪ್ಲಿಂಟ್ ಮೇಲೆ ಕಚ್ಚು ಹೊಂದಿಸಿ ಪ್ರಯೋಜನವಿಲ್ಲ. ಸ್ಪ್ಲಿಂಟ್ ಸರಿಯಾಗಿ ಕೂತ ಮೇಲೆ ಅದರ ಮೈ ಒರೆಸಿ ಒಣಗಿಸಿ. ಒದ್ದೆ ಅಕ್ರಿಲಿಕ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಹಲ್ಲು ತಾಗಿದಲ್ಲಿ ಗುರುತು ಬಿಡುವ ನೀಲಿ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಮೆಲ್ಲಗೆ ಟಪ್ ಟಪ್ ಎಂದು ಕಚ್ಚಿಸಬೇಕು. ಕೆಳಗಿನ ಪ್ರತಿ ದವಡೆಹಲ್ಲಿಗೂ ಹೊರಗಿನ ದಿಬ್ಬದ ಒಂದು ಚುಕ್ಕಿ ಬೀಳಬೇಕು. ನಡುವೆ ಬಿಳಿ, ಸುತ್ತ ಬಳೆಯಂತೆ ಬಣ್ಣ ಬಿದ್ದ ಗುರುತು ಭಾರದ್ದು. ತೇಯಬೇಕಾದ್ದು ಆ ಬಿಳಿ ನಡುವನ್ನು, ದೊಡ್ಡದಾಗಿ ಕಂಡ ಮಸಿಯನ್ನಲ್ಲ.

ಎರಡೂ ಪಕ್ಕ ಸಮನಾದ ಮೇಲೆ ಕೆಂಪು ಕಾಗದ ಇಟ್ಟು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಜಾರಿಸಿ, ಆಮೇಲೆ ನೀಲಿ ಇಟ್ಟು ಕಚ್ಚಿಸುತ್ತೇನೆ. ಹಿಂದಿನ ಹಲ್ಲುಗಳಲ್ಲಿ ಕೆಂಪು ಗೆರೆ ಕಂಡರೆ ಅದು ಹೋಗಬೇಕು, ನೀಲಿ ಚುಕ್ಕಿ ಮಾತ್ರ ಉಳಿಯಬೇಕು. ಪಕ್ಕಕ್ಕೆ ಜಾರುವಾಗ ಕೋರೆಹಲ್ಲಿನ ಇಳಿಜಾರು ಒಂದೇ ಹಿಂದಿನವನ್ನು ಬಿಡಿಸಬೇಕು. ಆ ಇಳಿಜಾರು ಕಡಿದಾದರೆ ದವಡೆ ಸಿಕ್ಕಿಬಿದ್ದಂತಾಗುತ್ತದೆ; ಮೆಲ್ಲಗಿನ ಏರು ಸಾಕು. ಕೊನೆಗೆ ಕುರ್ಚಿ ನೆಟ್ಟಗೆ ಮಾಡಿ ಮತ್ತೆ ನೋಡಬೇಕು. ಮಲಗಿದಾಗ ಸಮವಾಗಿದ್ದದ್ದು ಕೂತಾಗ ಮುಂದಿನ ಹಲ್ಲಿಗೆ ಭಾರವಾಗಿರುತ್ತದೆ. 8 ಮೈಕ್ರಾನ್‌ನ ಶಿಮ್‌ಸ್ಟಾಕ್ ಹಾಳೆ ಹಿಂದಿನ ಹಲ್ಲುಗಳಲ್ಲಿ ಗಟ್ಟಿಯಾಗಿ ಹಿಡಿಯಬೇಕು, ಬಾಚಿಹಲ್ಲುಗಳಲ್ಲಿ ತುಸು ಎಳೆತದೊಡನೆ ಜಾರಿ ಬರಬೇಕು.

ಬಾಯಿ ಥಟ್ಟನೆ 25-30 ಮಿ.ಮೀ.ಗೆ ನಿಂತುಹೋದವರಿಗೆ ಸ್ಪ್ಲಿಂಟ್ ಕೊಟ್ಟು ತಿಂಗಳು ಕಾಯುವುದಿಲ್ಲ. ಮೊದಲ ದಿನಗಳಲ್ಲೇ ಹೆಬ್ಬೆರಳನ್ನು ಕೆಳಗಿನ ದವಡೆಹಲ್ಲಿನ ಮೇಲಿಟ್ಟು ಕೆಳಕ್ಕೆ, ನಂತರ ಮುಂದಕ್ಕೆ ಎಳೆದು ನೋಡುತ್ತೇನೆ. ಬಿಡದಿದ್ದರೆ ಮತ್ತು ವ್ಯಾಯಾಮಕ್ಕೂ ಬಗ್ಗದಿದ್ದರೆ ಓರಲ್ ಸರ್ಜನ್ ಬಳಿ ಆರ್ಥ್ರೋಸೆಂಟೆಸಿಸ್: ಕೀಲಿನ ಮೇಲಿನ ಕೋಣೆಗೆ ಎರಡು ಸೂಜಿ ಹಾಕಿ ರಿಂಗರ್ ಲ್ಯಾಕ್ಟೇಟ್ ದ್ರವದಿಂದ ತೊಳೆಯುವುದು.

ಸ್ಪ್ಲಿಂಟ್ ರಾತ್ರಿ ಮಾತ್ರ. ಬೆಳಿಗ್ಗೆ ತೆಗೆದ ಮೇಲೆ ಹಲ್ಲು ಬೇರೆ ರೀತಿ ಕೂರುತ್ತದೆ ಅನ್ನಿಸುವುದು ಕೆಲ ನಿಮಿಷದ ಮಾತು. ಮಧ್ಯಾಹ್ನದವರೆಗೂ ಹಾಗೇ ಇದ್ದರೆ ಹಾಕುವುದು ನಿಲ್ಲಿಸಿ ತೋರಿಸಬೇಕು. ತಣ್ಣೀರು, ಮೆತ್ತನೆ ಬ್ರಷ್. ಬಿಸಿನೀರಿನಲ್ಲಿ ತೊಳೆದರೆ ಆಕಾರ ಕೆಡುತ್ತದೆ. ಒಂದು ವಾರಕ್ಕೆ, ಮೂರು ವಾರಕ್ಕೆ, ಎರಡು ತಿಂಗಳಿಗೆ ಕರೆಸಿ ಪ್ರತಿ ಸಲವೂ ನೀಲಿ ಕಾಗದ ಇಡುತ್ತೇನೆ. ಸ್ನಾಯು ಸಡಿಲಿದಂತೆ ದವಡೆ ಕೂರುವ ಜಾಗ ಬದಲಾಗಿ, ಮೊದಲ ದಿನ ಸಮವಿದ್ದ ಚುಕ್ಕಿಗಳು ಒಂದೇ ಪಕ್ಕ ಉಳಿದಿರುತ್ತವೆ. ಒಂದು ಪಕ್ಕದ ಕೆನ್ನೆ ಬೆಳಿಗ್ಗೆ ಹೊಸದಾಗಿ ನೋಯುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಚುಕ್ಕಿಗಳು ಎರಡು ಭೇಟಿಯಲ್ಲಿ ಬದಲಾಗದೆ ನಿಂತು, ಮೂರು ತಿಂಗಳು ನೋವಿಲ್ಲದೆ ಕಳೆದರೆ ರಾತ್ರಿ ಬಿಟ್ಟು ರಾತ್ರಿ ಹಾಕಲು ಹೇಳಿ, ನಿಧಾನವಾಗಿ ಬಿಡಿಸುತ್ತೇನೆ. ಹಲ್ಲು ಕಡಿಯುವವರು ಮಾತ್ರ ಮುಂದುವರಿಸಬೇಕು; ಅವರ ಸ್ಪ್ಲಿಂಟ್ ಮೇಲೆ ಗೀಚು, ಹಳ್ಳ ಬಿದ್ದಾಗ ಮತ್ತೆ ಸಮಮಾಡಿ ಪಾಲಿಷ್ ಮಾಡಿ ಕೊಡುತ್ತೇನೆ.