ಮಹಾನಗರದಲ್ಲಿ ನಡಿಗೆಯ ದಾರಿ ಹಾಕಿಕೊಳ್ಳುವುದು ಹೇಗೆ?

ದಟ್ಟ ನಗರದಲ್ಲಿ ನಡಿಗೆಗೆ ಎಷ್ಟು ಹೊತ್ತು ಬೇಕು ಎನ್ನುವುದು ಬರೀ ಕಿಲೋಮೀಟರಿನ ಲೆಕ್ಕವಲ್ಲ, ಎಷ್ಟು ರಸ್ತೆ ದಾಟಬೇಕು ಎನ್ನುವುದನ್ನೂ ಎಣಿಸಬೇಕು. ಗಂಟೆಗೆ ನಾಲ್ಕೂವರೆ ಕಿ.ಮೀ. ನಡೆದರೆ 5 ಕಿ.ಮೀ.ಗೆ 67 ನಿಮಿಷ. ನಡುವೆ 15 ಸಿಗ್ನಲ್ ಇದ್ದು ಒಂದೊಂದರಲ್ಲಿ 40 ಸೆಕೆಂಡ್ ನಿಂತರೆ ಇನ್ನು 10 ನಿಮಿಷ. ನೋಡುವುದಕ್ಕೆ, ಕೂರುವುದಕ್ಕೆ ಅರ್ಧ ಗಂಟೆ ಸೇರಿಸಿ. ಒಂದೂಮುಕ್ಕಾಲು ಗಂಟೆ ಆಯಿತು.

ದಾರಿಯ ಎರಡೂ ತುದಿ ಮೆಟ್ರೋ ಇಲ್ಲವೇ ರೈಲು ನಿಲ್ದಾಣದ ಹತ್ತಿರ ಇರಲಿ. ನಡುವೆಯೂ ಒಂದೆರಡು ನಿಲ್ದಾಣ ಸಿಕ್ಕರೆ ಮಳೆ ಬಂದಾಗ, ಕಾಲು ಸೋತಾಗ ಅಲ್ಲಿಗೇ ಮುಗಿಸಬಹುದು. ಏರುತಗ್ಗಿನ ಊರಾದರೆ ಎತ್ತರದ ತುದಿಯಿಂದ ಹೊರಡಿ. ನಿಲ್ದಾಣದ ಯಾವ ನಂಬರಿನ ದ್ವಾರದಿಂದ ಹೊರಬರಬೇಕೆಂದು ಒಳಗಿರುವಾಗಲೇ ನೋಡಿಕೊಳ್ಳಿ. ತಪ್ಪು ದ್ವಾರದಿಂದ ಬಂದರೆ ಇಡೀ ಜಂಕ್ಷನ್ ದಾಟಬೇಕಾಗುತ್ತದೆ.

ಮುಖ್ಯರಸ್ತೆಯ ಬದಲು ಅದರ ಪಕ್ಕದ ಸಮಾನಾಂತರ ರಸ್ತೆ ಹಿಡಿಯಿರಿ. ಹೊಗೆಯೂ ಸದ್ದೂ ಕಡಿಮೆ. ರಾತ್ರಿಯಾದರೆ ಮಾತು ಬೇರೆ, ಆಗ ಜನ ಮತ್ತು ಬೆಳಕಿರುವ ಮುಖ್ಯರಸ್ತೆಯೇ ಸರಿ. ಮ್ಯಾಪಿನ ರಸ್ತೆ ಫೋಟೊಗಳಲ್ಲಿ ಫುಟ್‌ಪಾತ್ ಎಲ್ಲಿ ತುಂಡಾಗಿದೆ ನೋಡಿ. ಸಾಮಾನ್ಯವಾಗಿ ಫ್ಲೈಓವರ್ ಇಳಿಯುವ ಜಾಗದಲ್ಲೇ ಅದು ಮಾಯವಾಗುವುದು. ಫೋಟೊದ ತಾರೀಖನ್ನೂ ನೋಡಿ. ಹಳೆಯದಾಗಿದ್ದರೆ ಅಲ್ಲೀಗ ಕಾಮಗಾರಿ ನಡೆಯುತ್ತಿರಬಹುದು. ಪಾದಚಾರಿ ಮೇಲ್ಸೇತುವೆ ಮ್ಯಾಪಿನಲ್ಲಿ ಪುಟ್ಟ ಗೆರೆ ಅಷ್ಟೇ, ಆದರೆ ಲಾರಿಗಳು ಅಡಿಯಲ್ಲಿ ಹೋಗುವಷ್ಟು ಎತ್ತರವೆಂದರೆ ಹತ್ತಲು ಸುಮಾರು 35 ಮೆಟ್ಟಿಲು, ಇಳಿಯಲು ಅಷ್ಟೇ.

ರಸ್ತೆಗಳು ಚೌಕಚೌಕವಾಗಿರುವ ಊರಿನಲ್ಲಿ ಸಮಯ ಉಳಿಸುವ ಒಳ್ಳೆಯ ಉಪಾಯ ಒಂದಿದೆ. ಪೂರ್ವಕ್ಕೆ ಆರು, ಉತ್ತರಕ್ಕೆ ನಾಲ್ಕು ಬ್ಲಾಕ್ ಹೋಗಬೇಕು ಎಂದುಕೊಳ್ಳಿ. ಯಾವ ಕ್ರಮದಲ್ಲಿ ಹೋದರೂ ಒಟ್ಟು ಹತ್ತೇ. ಹಾಗಾಗಿ ಪ್ರತಿ ಜಂಕ್ಷನ್ನಿನಲ್ಲೂ ಯಾವ ಕಡೆ ಹಸಿರು ಬಿದ್ದಿದೆಯೋ ಆ ಕಡೆಗೇ ದಾಟಿ. ಉತ್ತರದ ನಾಲ್ಕನ್ನೂ ಮೊದಲೇ ಮುಗಿಸಿಬಿಟ್ಟರೆ ಆಮೇಲೆ ಆಯ್ಕೆ ಉಳಿಯುವುದಿಲ್ಲ, ಪ್ರತಿ ಕೆಂಪಿಗೂ ನಿಲ್ಲಬೇಕು. ಎರಡು ದಿಕ್ಕನ್ನೂ ಕೊನೆಯವರೆಗೆ ಸ್ವಲ್ಪ ಸ್ವಲ್ಪ ಉಳಿಸಿಕೊಳ್ಳಿ.

ಮಿಣುಕುವ ಹಸಿರು ಈಗಾಗಲೇ ರಸ್ತೆಯಲ್ಲಿ ಇರುವವರಿಗೆ, ಹೊಸದಾಗಿ ಇಳಿಯುವವರಿಗಲ್ಲ. 18 ಮೀಟರ್ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರ್ ನಡೆಯುವವರು 15 ಸೆಕೆಂಡಿನಲ್ಲಿ ದಾಟುತ್ತಾರೆ, 0.8 ಮೀಟರ್ ನಡೆಯುವ ವಯಸ್ಸಾದವರಿಗೆ 22 ಸೆಕೆಂಡಿಗೂ ಹೆಚ್ಚು ಬೇಕು. ಅವರು ಜೊತೆಗಿದ್ದರೆ ನಡುವೆ ನಿಲ್ಲಲು ಡಿವೈಡರ್ ಇರುವ ಕ್ರಾಸಿಂಗನ್ನೇ ಆರಿಸಿ. ಹಸಿರಿದ್ದರೂ ತಿರುಗುವ ವಾಹನ ನೋಡಿಕೊಳ್ಳಿ: ಚಾಲಕನ ಕಣ್ಣು ಎದುರಿನ ವಾಹನಗಳ ಮೇಲಿರುತ್ತದೆ, ನಿಮ್ಮ ಮೇಲಲ್ಲ. ಬಸ್ಸಿನ ಮೂತಿಗೆ ಅಂಟಿಕೊಂಡಂತೆ ದಾಟುವುದಂತೂ ಬೇಡವೇ ಬೇಡ.

ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಂಕೇತ ಗೋಡೆಗಳಿಗೆ ಬಡಿದು ಬರುತ್ತದೆ. ಅದಕ್ಕೇ ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರುವುದು. ಅದನ್ನು ನಂಬಿ ತಿರುಗುವ ಬದಲು ಬೀದಿಯ ಫಲಕ ಓದಿ, ಕಟ್ಟಡದ ನಂಬರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಿ.

ಶೌಚಾಲಯ ಇರುವ ಜಾಗಗಳನ್ನು (ನಿಲ್ದಾಣ, ಮಾಲ್, ಗ್ರಂಥಾಲಯ) ಗಂಟೆಗೊಂದರಂತೆ ಗುರುತು ಹಾಕಿ, ಅವು ತೆರೆದಿರುವ ಸಮಯವನ್ನೂ ಬರೆದುಕೊಳ್ಳಿ. ಹೊಸ ಶೂ ಬೇಡ. ಹಿಮ್ಮಡಿ ಉರಿಯತೊಡಗಿದ ಕೂಡಲೇ ಟೇಪ್ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸಿದರೆ ಕೀಳುವಾಗ ಚರ್ಮವೂ ಕಿತ್ತು ಬರುತ್ತದೆ.